ಇಲ್ಲದವರ ರಕ್ತ

2022ರ ಜುಲೈನಲ್ಲಿ ಗುಜರಾತಿನಿಂದ ಒಂದು ಸಣ್ಣ ಸುದ್ದಿ ಹೊರಟು, ಒಂದೆರಡು ದಿನ ದೇಶದ ಪತ್ರಿಕೆಗಳಲ್ಲೆಲ್ಲ ಓಡಾಡಿತು. ರಾಜ್‌ಕೋಟ್‌ನ 65 ವರ್ಷದ ಹೃದ್ರೋಗಿಯೊಬ್ಬರು ಅಹಮದಾಬಾದಿನಲ್ಲಿ ಚಿಕಿತ್ಸೆಗೆ ಸೇರಿದ್ದರು. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಿತ್ತು. ಅಲ್ಲಿನ ಪ್ರಥಮಾ ರಕ್ತಕೇಂದ್ರದಲ್ಲಿ ನೋಡಿದರೆ ಯಾವ ರಕ್ತವೂ ಅವರಿಗೆ ಹೊಂದುತ್ತಿಲ್ಲ. ಮಾದರಿ ಸೂರತ್ತಿನ ಲೋಕ ಸಮರ್ಪಣ ರಕ್ತದಾನ ಕೇಂದ್ರಕ್ಕೆ ಹೋಯಿತು. ಅಲ್ಲಿಯೂ ಅದೇ ಕತೆ. ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಕೊನೆಗೆ ಗೊತ್ತಾದದ್ದು, ಈ ಮನುಷ್ಯನ ರಕ್ತ ‘ಇಎಂಎಂ ನೆಗೆಟಿವ್’. ಭಾರತದಲ್ಲಿ ಮೊದಲನೆಯವರು, ಜಗತ್ತಿನಲ್ಲಿ ಹತ್ತನೆಯವರು ಎಂದು ಪತ್ರಿಕೆಗಳು ಬರೆದವು.

ಅಪರೂಪ ಎನ್ನುವುದಷ್ಟೇ ಸುದ್ದಿಯಾಯಿತು. ಎರಡು ತಲೆಯ ಕರು ಹುಟ್ಟಿದರೆ ಬರೆಯುವ ಹಾಗೆ ಬರೆದರು, ಮರೆತರು. ನನಗೆ ಮಾತ್ರ ಬೇರೊಂದು ಪ್ರಶ್ನೆ ಅಂಟಿಕೊಂಡಿತು. ಒಬ್ಬ ಮನುಷ್ಯನ ರಕ್ತದಲ್ಲಿ ಏನೋ ಒಂದು ಇಲ್ಲ. ಅದು ಉಳಿದ ನಮ್ಮೆಲ್ಲರಲ್ಲೂ ಇದೆ. ಎಲ್ಲರಲ್ಲೂ ಇರುವುದರಿಂದಲೇ ಅದು ಇದೆ ಎಂಬುದು ಯಾರ ಗಮನಕ್ಕೂ ಬಂದಿಲ್ಲ. ಹಾಗಿದ್ದ ಮೇಲೆ ಇವರಲ್ಲಿ ‘ಇಲ್ಲ’ದ್ದು ಯಾವುದು ಎಂದು ಕಂಡುಹಿಡಿಯುವುದು ಹೇಗೆ?

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಸೂರತ್ತಿನಿಂದ ಮುಂಬೈಗೆ, ಮುಂಬೈಯಿಂದ ಸ್ಟಾಕ್‌ಹೋಮ್‌ಗೆ, ಕೊನೆಗೆ ನಮ್ಮ ಕೋಲಾರಕ್ಕೆ ಬಂದು ನಿಲ್ಲುತ್ತೇವೆ. ದಾರಿ ಸ್ವಲ್ಪ ಸುತ್ತು, ಆದರೆ ದಾರಿಯಲ್ಲಿ ಸಿಗುವ ವಿಷಯ ಒಂದೇ: ಮನುಷ್ಯನ ಪ್ರೋಟೀನುಗಳನ್ನು ಗುರುತಿಸಲು ನಾವು ಬಳಸುವ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ಎಷ್ಟು ನಂಬಬಹುದು ಎಂಬುದು.

ಮೊದಲು ರಕ್ತಕೇಂದ್ರದ ಮೇಜಿನ ಮೇಲೆ ಏನಾಗುತ್ತದೆ ನೋಡೋಣ. ರೋಗಿಯ ರಕ್ತದ ತಿಳಿ ದ್ರವವನ್ನು ತೆಗೆದು, ದಾನಿಯ ಕೆಂಪು ಕಣಗಳ ಜೊತೆ ಬೆರೆಸುತ್ತಾರೆ. ಆ ದ್ರವದಲ್ಲಿ ದಾನಿಯ ಕಣಗಳಿಗೆ ಅಂಟುವ ಪ್ರತಿಕಾಯ ಇದ್ದರೆ ಕಣಗಳು ಗುಂಪುಗಟ್ಟುತ್ತವೆ. ಅಂಟಿಯೂ ಗುಂಪುಗಟ್ಟದೆ ಸುಮ್ಮನಿರುವ ಪ್ರತಿಕಾಯಗಳೂ ಇವೆ. ಅವನ್ನು ಬಯಲಿಗೆಳೆಯಲು 1945ರಲ್ಲಿ ಕೂಂಬ್ಸ್, ಮೌರಂಟ್ ಮತ್ತು ರೇಸ್ ಎಂಬ ಮೂವರು ಒಂದು ಉಪಾಯ ಪ್ರಕಟಿಸಿದರು. ಮನುಷ್ಯನ ಪ್ರತಿಕಾಯಕ್ಕೇ ಅಂಟುವ ಇನ್ನೊಂದು ಪ್ರತಿಕಾಯವನ್ನು ಮೊಲದಲ್ಲಿ ಬೆಳೆಸಿ, ಅದನ್ನು ಮೇಲಿಂದ ಸುರಿಯುವುದು. ಇಂದಿಗೂ ಜಿಲ್ಲಾ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೂಂಬ್ಸ್ ಟೆಸ್ಟ್ ಎಂದರೆ ಇದೇ.

ಸಾಮಾನ್ಯವಾಗಿ ರೋಗಿಯ ದ್ರವ ಕೆಲವರ ಕಣಗಳಿಗೆ ಅಂಟುತ್ತದೆ, ಕೆಲವರದಕ್ಕೆ ಅಂಟುವುದಿಲ್ಲ. ಯಾರಿಗೆ ಅಂಟಿತು, ಯಾರಿಗೆ ಅಂಟಲಿಲ್ಲ ಎಂಬ ಪಟ್ಟಿ ಹಾಕಿದರೆ ಪ್ರತಿಕಾಯ ಯಾವುದರ ಮೇಲಿನದು ಎಂದು ತಿಳಿಯುತ್ತದೆ. ಇದಕ್ಕೆಂದೇ ಯಾವ ಗುರುತು ಇದೆ, ಯಾವುದು ಇಲ್ಲ ಎಂದು ಮೊದಲೇ ಗೊತ್ತಿರುವ ಕಣಗಳ ಪೆಟ್ಟಿಗೆಗಳು ಸಿಗುತ್ತವೆ. ಆದರೆ ಆ ಹೃದ್ರೋಗಿಯ ದ್ರವ ಪೆಟ್ಟಿಗೆಯಲ್ಲಿದ್ದ ಎಲ್ಲಕ್ಕೂ ಅಂಟಿತು. ಎಲ್ಲರಿಗೂ ಬೊಗಳುವ ನಾಯಿಯಿಂದ ಕಳ್ಳ ಯಾರೆಂದು ತಿಳಿಯುವುದಿಲ್ಲ. ಅದು ಯಾರಿಗೆ ಬೊಗಳುವುದಿಲ್ಲವೋ ಅಂಥ ಒಬ್ಬನಾದರೂ ಬೇಕು. ಅಂಥವನು ಸಿಕ್ಕಿದ ದಿನ ನಾಯಿಯ ಬೊಗಳುವಿಕೆಗೆ ಅರ್ಥ ಬರುತ್ತದೆ.

ಹಾಗಾಗಿ ಲಂಡನ್, ಬ್ರಿಸ್ಟಲ್, ಪ್ಯಾರಿಸ್, ನ್ಯೂಯಾರ್ಕ್, ಮುಂಬೈಗಳಂಥ ಊರುಗಳಲ್ಲಿ ಬೆಳೆದ ಉಲ್ಲೇಖ ಪ್ರಯೋಗಾಲಯಗಳ ನಿಜವಾದ ಆಸ್ತಿ ಯಂತ್ರಗಳಲ್ಲ. ಫ್ರೀಜರಿನಲ್ಲಿಟ್ಟ ‘ಇಲ್ಲದವರ’ ರಕ್ತ. ಯಾವುದೋ ಗುರುತು ಹುಟ್ಟಿನಿಂದಲೇ ಇಲ್ಲದ ಒಬ್ಬರ ಕೆಲವು ಹನಿ ಕಣಗಳು. ಈ ವೃತ್ತಿಯಲ್ಲಿರುವವರು ಅವನ್ನು ಪರಸ್ಪರ ಅಂಚೆಯಲ್ಲಿ ಕಳಿಸಿಕೊಳ್ಳುತ್ತಾರೆ, ಬಿತ್ತನೆಯ ಬೀಜ ಹಂಚಿಕೊಂಡ ಹಾಗೆ.

ಅಹಮದಾಬಾದಿನಿಂದ ವಡೋದರಾ ದಾಟಿ ಸೂರತ್ತಿಗೆ ಸುಮಾರು 260 ಕಿಲೋಮೀಟರ್. ಸೂರತ್ ಎಂದರೆ ನಮಗೆ ವಜ್ರ, ಸೀರೆ, 1994ರ ಪ್ಲೇಗು ನೆನಪಾಗುತ್ತದೆ. ರಕ್ತಶಾಸ್ತ್ರ ನೆನಪಾಗುವುದಿಲ್ಲ. ಆದರೆ ಆ ಮಾದರಿ ಸೂರತ್ತಿಗೆ ಹೋದದ್ದಕ್ಕೆ ಅರ್ಥವಿತ್ತು. ಅಲ್ಲಿ ಡಾ. ಸನ್ಮುಖ ಜೋಶಿ ಇದ್ದರು. ಅವರ ಹೆಸರು ಈ ಕ್ಷೇತ್ರದ ಪುಸ್ತಕಗಳಲ್ಲಿ 1973ರಿಂದಲೇ ಇದೆ. ಅದನ್ನು ಹೇಳಬೇಕಾದರೆ ಮುಂಬೈಗೆ, ಆಗಿನ ಬೊಂಬಾಯಿಗೆ, ಹೋಗಬೇಕು.

1952ರಲ್ಲಿ ಬೊಂಬಾಯಿಯ ವೈ. ಎಂ. ಭೇಂಡೆ, ಸಿ. ಕೆ. ದೇಶಪಾಂಡೆ, ಎಚ್. ಎಂ. ಭಾಟಿಯಾ ಅವರು ಲಂಡನ್ನಿನ ರೂತ್ ಸ್ಯಾಂಗರ್, ರಾಬರ್ಟ್ ರೇಸ್, ಮಾರ್ಗನ್, ವಿನಿಫ್ರೆಡ್ ವಾಟ್ಕಿನ್ಸ್ ಅವರ ಜೊತೆ ‘ಲ್ಯಾನ್ಸೆಟ್’ನಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ನೋಡಲು ಒ ಗುಂಪಿನವರಂತೆ ಕಾಣುವ, ಆದರೆ ಒ ಗುಂಪಿನ ರಕ್ತವೂ ಹೊಂದದ ಮೂರು ಜನರ ವಿಷಯ ಅದು. ‘ಬಾಂಬೆ ಬ್ಲಡ್ ಗ್ರೂಪ್’ ಎಂಬ ಹೆಸರು ಹುಟ್ಟಿದ್ದು ಹೀಗೆ. ಎ, ಬಿ ಎಂಬ ಗುರುತುಗಳನ್ನು ಕಟ್ಟುವ ಅಡಿಪಾಯವೊಂದಿದೆ, ಎಚ್ ಎಂದು. ನಮ್ಮೆಲ್ಲರಲ್ಲೂ ಅದು ಇದೆ. ಆ ಮೂವರಲ್ಲಿ ಅಡಿಪಾಯವೇ ಇರಲಿಲ್ಲ. ಅವರು ಸಿಗುವವರೆಗೆ ಈ ಅಡಿಪಾಯದ ಕುರಿತು ಯಾರೂ ಖಚಿತವಾಗಿ ಮಾತನಾಡುವಂತಿರಲಿಲ್ಲ.

ಇಲ್ಲೊಂದು ತಿದ್ದುಪಡಿ ಹೇಳಿಬಿಡಬೇಕು. ಎ, ಬಿ, ಎಚ್ ಪ್ರೋಟೀನುಗಳಲ್ಲ, ಸಕ್ಕರೆಯ ಸರಪಣಿಗಳು. ಅವುಗಳನ್ನು ಹೆಣೆಯುವ ಕಿಣ್ವಗಳು ಪ್ರೋಟೀನುಗಳು. ರಕ್ತದ ಗುಂಪುಗಳಲ್ಲಿ ಹೆಚ್ಚಿನವು ಮಾತ್ರ ನೇರವಾಗಿ ಪ್ರೋಟೀನುಗಳೇ. ಕೆಂಪು ಕಣದ ಪೊರೆಯಿಂದ ಹೊರಗೆ ಚಾಚಿದ ಯಾವುದೋ ಪ್ರೋಟೀನಿನ ಒಂದು ಮೂಲೆಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಸಣ್ಣ ವ್ಯತ್ಯಾಸ. ಎ-ಬಿ-ಒ ಮತ್ತು ಪಾಸಿಟಿವ್-ನೆಗೆಟಿವ್ ಅಷ್ಟೇ ರಕ್ತದ ಗುಂಪು ಎಂದು ಡ್ರೈವಿಂಗ್ ಲೈಸೆನ್ಸ್ ನಮಗೆ ಕಲಿಸಿದೆ. ಇಂಥ ವ್ಯವಸ್ಥೆಗಳು ಈಗ ನಲವತ್ತಕ್ಕೂ ಹೆಚ್ಚಿವೆ. ಇಎಂಎಂ ಆ ಪಟ್ಟಿಯಲ್ಲಿ 42ನೆಯದು.

ಭಾಟಿಯಾ ಅವರ ಹೆಸರಿನೊಂದಿಗೆ ಬೊಂಬಾಯಿಯಲ್ಲಿ ರಕ್ತದ ಗುಂಪುಗಳ ಉಲ್ಲೇಖ ಕೇಂದ್ರವೊಂದು ಬೆಳೆಯಿತು. ಇಂದಿನ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಅದರದೇ ಮುಂದುವರಿಕೆ. 1973ರಲ್ಲಿ ಈ ಬಳಗದಿಂದ ಬಡಕೆರೆ, ಜೋಶಿ, ಭಾಟಿಯಾ ಮೊದಲಾದವರು ಲಂಡನ್ನಿನ ಸಹೋದ್ಯೋಗಿಗಳ ಜೊತೆ ಒಂದು ಹೊಸ ಗುರುತನ್ನು ವರದಿ ಮಾಡಿದರು. ಭಾರತೀಯರಲ್ಲಿ ಸುಮಾರು ನೂರಕ್ಕೆ ಮೂರು-ನಾಲ್ಕು ಜನರಲ್ಲಿ ಇರುವ, ಯುರೋಪಿನವರಲ್ಲಿ ಕಾಣಸಿಗದ ಗುರುತು. ಅದಕ್ಕೆ ‘ಇಂಡಿಯನ್’ ಎಂದೇ ಹೆಸರಾಯಿತು. ಚಿಕ್ಕದಾಗಿ ‘ಐಎನ್-ಎ’. ಎರಡು ವರ್ಷದ ನಂತರ ಅದರ ಜೋಡಿ ‘ಐಎನ್-ಬಿ’ ಸಿಕ್ಕಿತು. ಇದು ಹೆಚ್ಚೂಕಡಿಮೆ ಎಲ್ಲರಲ್ಲೂ ಇರುವಂಥದ್ದು. ಐಎನ್-ಬಿ ಇಲ್ಲದವರಿಗೆ ಗರ್ಭಧಾರಣೆಯಿಂದಲೋ ರಕ್ತ ಪಡೆದದ್ದರಿಂದಲೋ ಅದರ ವಿರುದ್ಧ ಪ್ರತಿಕಾಯ ಬೆಳೆದರೆ, ಹೊಂದುವ ರಕ್ತ ಸಿಗುವುದು ದುಸ್ತರ.

ಹೆಸರೇನೋ ಇಟ್ಟಾಯಿತು. ವಸ್ತು ಯಾವುದು? ಅದು ಗೊತ್ತಾಗಲು ಮತ್ತೆ ಹದಿನೈದು ವರ್ಷ ಬೇಕಾಯಿತು. 1980ರ ದಶಕದ ಕೊನೆಯಲ್ಲಿ, ಈ ಗುರುತು ಕೂತಿರುವುದು ಸಿಡಿ44 ಎಂಬ ಪ್ರೋಟೀನಿನ ಮೇಲೆ ಎಂದು ತಿಳಿಯಿತು. 1996ರಲ್ಲಿ ಎ-ಗೂ ಬಿ-ಗೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು ಎಂದು ಗೊತ್ತಾಯಿತು. 46ನೆಯ ಸ್ಥಾನದಲ್ಲಿ ಆರ್ಜಿನಿನ್ ಇದ್ದರೆ ಬಿ, ಪ್ರೋಲಿನ್ ಇದ್ದರೆ ಎ. ನೂರಾರು ಅಮೈನೋ ಆಮ್ಲಗಳ ಒಂದು ಸರಪಣಿಯಲ್ಲಿ ಒಂದು ಮಣಿ ಬದಲಾಗಿದೆ ಎಂಬುದನ್ನು, ಡಿಎನ್‌ಎ ಓದುವ ಯಂತ್ರ ಬರುವ ಮೊದಲೇ, ಬೊಂಬಾಯಿಯಲ್ಲಿ ಕೂತವರು ಗಾಜಿನ ಕೊಳವೆಯಲ್ಲಿ ಕಣಗಳು ಗುಂಪುಗಟ್ಟುವುದನ್ನು ಕಣ್ಣಾರೆ ನೋಡಿ ಪತ್ತೆಹಚ್ಚಿದ್ದರು.

ಅವರ ಬಳಿ ಬೇರೆ ಉಪಾಯಗಳೂ ಇದ್ದವು. ಕಣಗಳನ್ನು ಪ್ರೋಟೀನು ಕತ್ತರಿಸುವ ಕಿಣ್ವಗಳಲ್ಲಿ ತೊಳೆಯುವುದು ಒಂದು. ಪಪಾಯಿಯ ಹಾಲಿನಿಂದ ಬರುವ ಪಪೇಯ್ನ್, ಮತ್ತೆ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್. ‘ಇಂಡಿಯನ್’ ಗುರುತು ಪಪೇಯ್ನಿಗೆ ನಾಶವಾಗುತ್ತದೆ. ಕ್ರೋಮರ್ ಎಂಬ ಇನ್ನೊಂದು ವ್ಯವಸ್ಥೆಯ ಗುರುತುಗಳು ಪಪೇಯ್ನಿಗೆ ಜಗ್ಗುವುದಿಲ್ಲ, ಕೈಮೋಟ್ರಿಪ್ಸಿನ್‌ಗೆ ನಾಶವಾಗುತ್ತವೆ. ಹೀಗೆ ಯಾವ ಕತ್ತಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದರಿಂದ ಹೆಸರಿಲ್ಲದ ಗುರುತಿನ ಕುಲಗೋತ್ರ ಊಹಿಸಬಹುದು. ಈ ಕ್ರೋಮರ್ ನೆನಪಿರಲಿ. ಕೋಲಾರಕ್ಕೆ ಬಂದಾಗ ಬೇಕಾಗುತ್ತದೆ.

ಇಎಂಎಂಗೆ ಮರಳೋಣ. 1987ರಲ್ಲಿ ಬ್ರಿಟನ್ನಿನ ಜೆಫ್ ಡೇನಿಯಲ್ಸ್ ಮತ್ತು ಸಂಗಡಿಗರು ಇದನ್ನು ಮೊದಲು ವರದಿ ಮಾಡಿದರು. ವಿಚಿತ್ರವೆಂದರೆ ಎಂದೂ ರಕ್ತ ಪಡೆಯದ ಗಂಡಸರಲ್ಲೂ ಈ ಪ್ರತಿಕಾಯ ತಾನಾಗಿ ಇತ್ತು. ಅದು ಯಾವುದಕ್ಕೆ ಅಂಟುತ್ತದೆ ಎಂಬ ಪ್ರಶ್ನೆಗೆ ಮೊದಲ ಸುಳಿವು ಕೊಟ್ಟದ್ದು ಒಂದು ಕಾಯಿಲೆ. ಪಿಎನ್ಎಚ್ ಎಂಬ ರೋಗವಿದೆ. ಮೂಳೆಮಜ್ಜೆಯ ಕೆಲವು ಕೋಶಗಳಲ್ಲಿ ಒಂದು ವಂಶವಾಹಿ ಕೆಟ್ಟು, ಅವುಗಳಿಂದ ಹುಟ್ಟುವ ಕೆಂಪು ಕಣಗಳಿಗೆ ಪೊರೆಯ ಮೇಲೆ ಪ್ರೋಟೀನುಗಳನ್ನು ಹಿಡಿದಿಡುವ ಒಂದು ಬಗೆಯ ಲಂಗರು ಇರುವುದಿಲ್ಲ. ಜಿಪಿಐ ಲಂಗರು ಎಂದು ಅದರ ಹೆಸರು. ಕೊಬ್ಬು ಮತ್ತು ಸಕ್ಕರೆ ಸೇರಿ ಆದದ್ದು. ನೂರೈವತ್ತರಷ್ಟು ಬಗೆಯ ಮಾನವ ಪ್ರೋಟೀನುಗಳು ಕೋಶದ ಮೇಲೆ ನಿಂತಿರುವುದು ಈ ಲಂಗರಿನ ಆಧಾರದಿಂದ. ಪಿಎನ್ಎಚ್ ರೋಗಿಗಳ ಲಂಗರಿಲ್ಲದ ಕಣಗಳಿಗೆ ಇಎಂಎಂ ಪ್ರತಿಕಾಯ ಅಂಟಲಿಲ್ಲ. ಅಂದರೆ ಗುರುತು ಲಂಗರಿಗೆ ಸಂಬಂಧಿಸಿದ್ದು ಎಂದಾಯಿತು. ಆದರೆ ಲಂಗರಿಗೆ ಕಟ್ಟಿದ ಯಾವ ಪ್ರೋಟೀನು? 2021ರಲ್ಲಿ ಎರಡು ಬೇರೆಬೇರೆ ತಂಡಗಳು ಉತ್ತರ ಕೊಟ್ಟವು. ಯಾವ ಪ್ರೋಟೀನೂ ಅಲ್ಲ, ಲಂಗರೇ. ಲಂಗರಿನ ಎರಡನೆಯ ಸಕ್ಕರೆಗೆ ಒಂದು ಸಣ್ಣ ತುಣುಕು ಸೇರಿಸುವ ಪಿಐಜಿಜಿ ಎಂಬ ಕಿಣ್ವ ಇಲ್ಲದವರೇ ಇಎಂಎಂ ನೆಗೆಟಿವ್. ಮೂವತ್ತನಾಲ್ಕು ವರ್ಷ ಹಡಗುಗಳನ್ನು ಎಣಿಸುತ್ತ ಕೂತಿದ್ದವರಿಗೆ, ಹುಡುಕುತ್ತಿದ್ದದ್ದು ಲಂಗರು ಎಂದು ಕೊನೆಗೆ ತಿಳಿಯಿತು.

ಇಷ್ಟು ಓದಿದ ಮೇಲೆ ನಿಮಗೆ ಅನಿಸಬಹುದು, ಪ್ರತಿಕಾಯವನ್ನು ನಂಬುವ ಮೊದಲು ಅದು ಅಂಟಬಾರದ ಜಾಗದಲ್ಲಿ ಅಂಟುತ್ತಿಲ್ಲ ಎಂದು ನೋಡಿಕೊಳ್ಳುವುದು ಯಾರಿಗಾದರೂ ಹೊಳೆಯುವ ವಿಷಯ ಎಂದು. ಹಾಗಿರಲಿಲ್ಲ. ರಕ್ತಕೇಂದ್ರದ ಕೋಣೆಯಾಚೆ, ಜೀವವಿಜ್ಞಾನದ ದೊಡ್ಡ ಸಂಶೋಧನಾಲಯಗಳಲ್ಲಿ, ದಶಕಗಟ್ಟಲೆ ಇದನ್ನು ಮಾಡದೆ ಬಿಟ್ಟವರೇ ಹೆಚ್ಚು.

1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕೇಂಬ್ರಿಜ್‌ನಲ್ಲಿ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಮುಂದೆ ಇದು ಉದ್ಯಮವಾಯಿತು. ಇಂಥ ಪ್ರೋಟೀನಿಗೆ ಇಂಥ ಪ್ರತಿಕಾಯ ಎಂದು ಲಕ್ಷಗಟ್ಟಲೆ ವಸ್ತುಗಳ ಕ್ಯಾಟಲಾಗುಗಳು ಬಂದವು. ಸಂಶೋಧಕ ಸೀಸೆ ತರಿಸಿಕೊಂಡ, ಅಂಗಾಂಶದ ಚೂರಿನ ಮೇಲೆ ಹಚ್ಚಿದ, ಕಂದು ಬಣ್ಣ ಬಂತು, ಪ್ರೋಟೀನು ಅಲ್ಲಿದೆ ಎಂದು ಬರೆದ. ಸೀಸೆಯ ಮೇಲಿನ ಚೀಟಿಯೇ ಸಾಕ್ಷಿ. ರಕ್ತಕೇಂದ್ರದಲ್ಲಿ ಇಷ್ಟು ಸಲೀಸಾಗಿ ನಂಬಿದ್ದರೆ ರೋಗಿಗಳು ಸಾಯುತ್ತಿದ್ದರು. ಸಂಶೋಧನಾಲಯದಲ್ಲಿ ಯಾರೂ ಸಾಯಲಿಲ್ಲ, ಲೇಖನಗಳು ಪ್ರಕಟವಾದವು. ಅಲ್ಲಿನ ಶಿಸ್ತು ಹುಟ್ಟಿದ್ದು ಜಾಣತನದಿಂದಲ್ಲ, ಭಯದಿಂದ ಎಂದೇ ನನಗನಿಸುತ್ತದೆ.

ಇದರ ಬೆಲೆ ಏನು ಎಂಬುದಕ್ಕೆ ಒಂದು ಉದಾಹರಣೆ. ಈಸ್ಟ್ರೋಜನ್ ಹಾರ್ಮೋನಿನ ಎರಡನೆಯ ಗ್ರಾಹಿ, ಬೀಟಾ ಎಂಬುದು, 1996ರಲ್ಲಿ ಪತ್ತೆಯಾಯಿತು. ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಹೊಸ ಬಾಗಿಲು ಎಂಬ ಆಸೆ ಹುಟ್ಟಿತು. ಎರಡು ದಶಕ ಸಾವಿರಾರು ಲೇಖನಗಳು ಬಂದವು. ಸ್ತನದಲ್ಲಿ ಅದು ಇದೆ ಎಂದು ಕೆಲವರು, ಇಲ್ಲ ಎಂದು ಕೆಲವರು. 2017ರಲ್ಲಿ ಸ್ವೀಡನ್ನಿನ ತಂಡವೊಂದು ಆ ಗ್ರಾಹಿಗಾಗಿ ಬಳಸುತ್ತಿದ್ದ 13 ಪ್ರತಿಕಾಯಗಳನ್ನು ಒಟ್ಟಿಗೆ ಪರೀಕ್ಷೆಗಿಟ್ಟಿತು. ಅಂಗಾಂಶದ ಪರೀಕ್ಷೆಯಲ್ಲಿ ನಿಜವಾಗಿ ಆ ಗ್ರಾಹಿಗೆ ಮಾತ್ರ ಅಂಟಿದ್ದು ಒಂದೇ ಒಂದು. ಅದೂ ಯಾರೂ ಹೆಚ್ಚು ಬಳಸದಿದ್ದದ್ದು. ಅದನ್ನು ಹಚ್ಚಿ ನೋಡಿದರೆ ಸ್ತನದ ಅಂಗಾಂಶದಲ್ಲಿ, ಆರೋಗ್ಯವಿರಲಿ ಕ್ಯಾನ್ಸರ್ ಇರಲಿ, ಬೀಟಾ ಗ್ರಾಹಿ ಕಾಣಲಿಲ್ಲ.

ಈ ಸ್ವೀಡಿಷ್ ಕೆಲಸದ ಹಿಂದಿರುವುದು ‘ಹ್ಯೂಮನ್ ಪ್ರೋಟೀನ್ ಅಟ್ಲಾಸ್’ ಎಂಬ ಯೋಜನೆ. 2003ರಲ್ಲಿ ಮಥಿಯಾಸ್ ಉಲೇನ್ ಸ್ಟಾಕ್‌ಹೋಮ್‌ನಲ್ಲಿ ಆರಂಭಿಸಿದರು. ಮನುಷ್ಯನ ಸುಮಾರು ಇಪ್ಪತ್ತು ಸಾವಿರ ವಂಶವಾಹಿಗಳಿಂದ ಹುಟ್ಟುವ ಒಂದೊಂದು ಪ್ರೋಟೀನಿಗೂ ಪ್ರತಿಕಾಯ ತಯಾರಿಸಿ, ಅದು ದೇಹದ ಯಾವ ಅಂಗಾಂಶದಲ್ಲಿ, ಕೋಶದ ಯಾವ ಭಾಗದಲ್ಲಿ ಇದೆ ಎಂಬ ನಕ್ಷೆ ಬರೆಯುವ ಕೆಲಸ. ಭಾರತದಲ್ಲಿ ಅಷ್ಟಾಗಿ ಗೊತ್ತಿಲ್ಲದ ಸಂಗತಿಯೊಂದಿದೆ. ಆ ಅಂಗಾಂಶಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ, ಇಲ್ಲಿ ಬಣ್ಣ ಗಾಢವಾಗಿದೆ, ಇಲ್ಲಿ ತಿಳಿಯಾಗಿದೆ, ಇಲ್ಲಿ ಇಲ್ಲ ಎಂದು ಬರೆದವರಲ್ಲಿ ಮುಂಬೈನ ಪೆಥಾಲಜಿಸ್ಟರ ತಂಡವೊಂದಿದೆ. ಯುರೋಪಿನ ಅಟ್ಲಾಸಿನ ಲಕ್ಷಾಂತರ ಚಿತ್ರಗಳನ್ನು ಓದಿದ ಕಣ್ಣುಗಳು ಬಾಂಬೆ ಬ್ಲಡ್ ಗ್ರೂಪ್ ಸಿಕ್ಕಿದ ಊರಿನವು.

ಕೆಲಸ ಮುಂದುವರಿದಂತೆ ಅಟ್ಲಾಸಿನವರಿಗೇ ತಮ್ಮ ಪ್ರತಿಕಾಯಗಳ ಮೇಲೆ ಅನುಮಾನ ಬೆಳೆಯಿತು. ಅದನ್ನು ಮುಚ್ಚಿಡದೆ ಒಪ್ಪಿಕೊಂಡದ್ದು ಅವರ ದೊಡ್ಡತನ. 2016ರಲ್ಲಿ ಉಲೇನ್ ಮತ್ತು ಇತರರು ಪ್ರತಿಕಾಯಗಳನ್ನು ಪರಿಶೀಲಿಸಲು ಐದು ದಾರಿಗಳನ್ನು ಮುಂದಿಟ್ಟರು. ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ. ಪ್ರತಿಕಾಯವನ್ನೇ ಬಳಸದ ಬೇರೆ ವಿಧಾನದ ಫಲಿತಾಂಶದೊಂದಿಗೆ ತಾಳೆ ನೋಡುವುದು ಒಂದು. ಅದೇ ಪ್ರೋಟೀನಿನ ಬೇರೆ ಭಾಗಕ್ಕೆ ಅಂಟುವ ಎರಡನೆಯ ಪ್ರತಿಕಾಯ ಏನು ಹೇಳುತ್ತದೆ ನೋಡುವುದು ಇನ್ನೊಂದು. ಅತ್ಯಂತ ಗಟ್ಟಿಯಾದದ್ದು ವಂಶವಾಹಿಯ ದಾರಿ: ಆ ಪ್ರೋಟೀನಿನ ವಂಶವಾಹಿಯನ್ನೇ ಕೋಶದಿಂದ ಅಳಿಸಿಹಾಕಿ, ಆ ಕೋಶಕ್ಕೆ ಪ್ರತಿಕಾಯ ಹಚ್ಚುವುದು. ಆಗಲೂ ಅಂಟಿದರೆ ಪ್ರತಿಕಾಯ ಸುಳ್ಳು ಹೇಳುತ್ತಿದೆ. ಕ್ರಿಸ್ಪರ್ ಬಂದ ಮೇಲೆ ಹೀಗೆ ಅಳಿಸುವುದು ಸುಲಭವಾಗಿದೆ. ರಕ್ತಕೇಂದ್ರದವರು ಇದೇ ಕೆಲಸವನ್ನು ಯಾವ ಕ್ರಿಸ್ಪರೂ ಇಲ್ಲದೆ 1950ರಿಂದ ಮಾಡುತ್ತ ಬಂದಿದ್ದರು. ಅವರಿಗೆ ಅಳಿಸಿದ ಕೋಶಗಳನ್ನು ಕೊಟ್ಟವರು ಹುಟ್ಟಿನಿಂದ ಇಲ್ಲದವರು.

ಈ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಕೆನಡಾದ ಮಾಂಟ್ರಿಯಲ್‌ನ ಒಂದು ಗುಂಪು. 2023ರಲ್ಲಿ ಅವರು 65 ಪ್ರೋಟೀನುಗಳ ಮೇಲಿನ 614 ಮಾರಾಟದ ಪ್ರತಿಕಾಯಗಳನ್ನು ವಂಶವಾಹಿ ಅಳಿಸಿದ ಕೋಶಗಳ ಮೇಲೆ ಓಡಿಸಿದ ಫಲಿತಾಂಶ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಪ್ರೋಟೀನುಗಳಿಗೆ ಕನಿಷ್ಠ ಒಂದಾದರೂ ಒಳ್ಳೆಯ ಪ್ರತಿಕಾಯ ಮಾರುಕಟ್ಟೆಯಲ್ಲಿದೆ ಎಂಬುದು ಸಮಾಧಾನ. ಆದರೆ ಒಂದೊಂದು ಪ್ರೋಟೀನಿಗೆ ಸರಾಸರಿ ಹನ್ನೆರಡು ಪ್ರಕಟಿತ ಲೇಖನಗಳು, ಅದನ್ನು ಗುರುತಿಸಲಾರದ ಪ್ರತಿಕಾಯವನ್ನು ಬಳಸಿದ್ದವು. ತಯಾರಕರು ಪರೀಕ್ಷೆಯಲ್ಲಿ ಸೋತ ಪ್ರತಿಕಾಯಗಳಲ್ಲಿ ಸುಮಾರು ಐದರಲ್ಲೊಂದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಇದನ್ನು ಓದಿದಾಗ ನನಗೆ ನೆನಪಾದದ್ದು ಸಂತೆಯ ತಕ್ಕಡಿ. ಮುದ್ರೆ ಹಾಕಿಸಲು ಇನ್ಸ್‌ಪೆಕ್ಟರ್ ಬರುತ್ತಾನೆಂದ ತಕ್ಷಣ ಕೆಲವು ತಕ್ಕಡಿಗಳು ಅಂಗಡಿಯ ಹಿಂದೆ ಹೋಗುತ್ತವೆ.

ರಕ್ತದವರೂ ದೇವರಲ್ಲ. 1972ರಲ್ಲಿ ಗರ್ಭಿಣಿಯೊಬ್ಬರ ರಕ್ತದಲ್ಲಿ ಎಲ್ಲರಿಗೂ ಇರುವ ಒಂದು ಗುರುತು ಇಲ್ಲ ಎಂದು ಗೊತ್ತಾಯಿತು. ಮುಂದೆ ಅದಕ್ಕೆ ಎಎನ್‌ಡಬ್ಲ್ಯೂಜೆ ಎಂಬ ನಾಲಿಗೆ ಹೊರಳದ ಹೆಸರಿಟ್ಟರು. ಅದು ಇರುವುದು ಸಿಡಿ44 ಮೇಲೆ, ಅಂದರೆ ನಮ್ಮ ‘ಇಂಡಿಯನ್’ ಗುರುತಿನ ಪ್ರೋಟೀನಿನ ಮೇಲೆಯೇ, ಎಂದು ಬಹುಕಾಲ ಅಂದುಕೊಂಡಿದ್ದರು. ನಡುವೆ ಬೇರೊಂದು ವಂಶವಾಹಿಯ ಹೆಸರೂ ಬಂತು. ಎರಡೂ ತಪ್ಪು. 2024ರಲ್ಲಿ ಬ್ರಿಸ್ಟಲ್‌ನವರು ಅದು ಎಂಎಎಲ್ ಎಂಬ ಪುಟ್ಟ ಪ್ರೋಟೀನು ಎಂದು ತೋರಿಸಿದರು. ಆ ಪ್ರೋಟೀನು ಇಲ್ಲದ ಕೋಶಕ್ಕೆ ಅದರ ವಂಶವಾಹಿಯನ್ನು ಸೇರಿಸಿದರು, ಪ್ರತಿಕಾಯ ಅಂಟಿತು. ಕೆಟ್ಟ ವಂಶವಾಹಿ ಸೇರಿಸಿದರು, ಅಂಟಲಿಲ್ಲ. ಐವತ್ತು ವರ್ಷದ ವ್ಯಾಜ್ಯ ಮುಗಿಯಿತು.

ಪ್ರತಿಕಾಯದ ಹಂಗೇ ಬೇಡ ಎಂದು ಹೊರಟ ದಾರಿಯೊಂದು ಬೆಂಗಳೂರಿನಲ್ಲಿದೆ. 2002ರಲ್ಲಿ ಅಖಿಲೇಶ್ ಪಾಂಡೆ ವೈಟ್‌ಫೀಲ್ಡಿನಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್’ ಕಟ್ಟಿದರು. ಅಲ್ಲಿನ ತರುಣ ಸಂಶೋಧಕರು, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆಗೂಡಿ, 2014ರ ಮೇ ತಿಂಗಳಲ್ಲಿ ‘ನೇಚರ್’ನಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿದರು. 30 ಬಗೆಯ ಅಂಗಾಂಶ ಮತ್ತು ಕೋಶಗಳು, 17,294 ವಂಶವಾಹಿಗಳ ಪ್ರೋಟೀನುಗಳು. ಪ್ರತಿಕಾಯ ಹಚ್ಚದೆ, ಪ್ರೋಟೀನುಗಳನ್ನು ಚೂರು ಮಾಡಿ ಅವುಗಳ ತೂಕವನ್ನೇ ಅಳೆದು ಗುರುತಿಸುವ ವಿಧಾನ. ಅದೇ ಸಂಚಿಕೆಯಲ್ಲಿ ಮ್ಯೂನಿಕ್‌ನವರ ಇನ್ನೊಂದು ನಕ್ಷೆಯೂ ಬಂತು. ಕೆಲವೇ ತಿಂಗಳಲ್ಲಿ ಸ್ಪೇನಿನ ಸಂಶೋಧಕರು ಎರಡನ್ನೂ ಕೆದಕಿ ಒಂದು ಮುಜುಗರದ ಪ್ರಶ್ನೆ ಎತ್ತಿದರು: ಮೂಗಿನ ಅಂಗಾಂಶವನ್ನೇ ನೋಡದೆ ಇಷ್ಟೊಂದು ವಾಸನೆ ಹಿಡಿಯುವ ಗ್ರಾಹಿಗಳು ಪಟ್ಟಿಗೆ ಬಂದದ್ದು ಹೇಗೆ? ಅಂದರೆ ತೂಕದ ಯಂತ್ರಕ್ಕೂ ಅಂಟಬಾರದ ಕಡೆ ಅಂಟುವ ರೋಗವಿದೆ. ಆ ಜಗಳದಿಂದ ನಿಯಮಗಳು ಬಿಗಿಯಾದವು. 2020ರಲ್ಲಿ ಬಿಗಿ ನಿಯಮಗಳ ಲೆಕ್ಕದಲ್ಲೇ ತೊಂಬತ್ತು ಶೇಕಡಾ ಪ್ರೋಟೀನುಗಳು ಖಚಿತವಾದವು ಎಂದು ಅಂತರರಾಷ್ಟ್ರೀಯ ಬಳಗ ಘೋಷಿಸಿತು. ಬೆಂಗಳೂರಿನ ಕರಡಿನಲ್ಲಿ ತಪ್ಪಿತ್ತು ಎಂಬುದು ನಿಜ. ಅದು ಇಲ್ಲದಿದ್ದರೆ ಜಗಳಕ್ಕೂ ವಸ್ತು ಇರುತ್ತಿರಲಿಲ್ಲ ಎಂಬುದೂ ನಿಜ.

ಈಗ ಕೋಲಾರ.

38 ವರ್ಷದ ಮಹಿಳೆ. ಹೃದಯದ ಶಸ್ತ್ರಚಿಕಿತ್ಸೆಗಾಗಿ ಕೋಲಾರದ ಆರ್. ಎಲ್. ಜಾಲಪ್ಪ ಆಸ್ಪತ್ರೆಗೆ ಸೇರಿದ್ದರು. ರಕ್ತದ ಗುಂಪು ಒ ಪಾಸಿಟಿವ್, ನಮ್ಮಲ್ಲಿ ಅತಿ ಸುಲಭವಾಗಿ ಸಿಗುವಂಥದ್ದು. ಆದರೆ ಯಾವ ಒ ಪಾಸಿಟಿವ್ ರಕ್ತವೂ ಹೊಂದಲಿಲ್ಲ. ಮಾದರಿ ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದ ಉಲ್ಲೇಖ ಪ್ರಯೋಗಾಲಯಕ್ಕೆ ಬಂತು. ಅಲ್ಲಿ ಡಾ. ಅಂಕಿತ್ ಮಾಥುರ್ ಮತ್ತು ಸಹೋದ್ಯೋಗಿಗಳು ನೋಡಿದರೆ, ಅದೇ ಎಲ್ಲರಿಗೂ ಬೊಗಳುವ ನಾಯಿ. ಮನೆಯವರ ಇಪ್ಪತ್ತು ಜನರ ರಕ್ತ ತೆಗೆದು ನೋಡಿದರು. ಒಡಹುಟ್ಟಿದವರಲ್ಲೋ ಹತ್ತಿರದ ಸಂಬಂಧಿಕರಲ್ಲೋ ಇಂಥದೇ ಇನ್ನೊಬ್ಬರು ಸಿಗುವ ಸಂಭವ ಹೆಚ್ಚು, ಅದಕ್ಕೆ. ಒಬ್ಬರದೂ ಹೊಂದಲಿಲ್ಲ. ವೈದ್ಯರು ಎಚ್ಚರಿಕೆಯಿಂದ, ಹೊರಗಿನ ಒಂದು ಹನಿ ರಕ್ತವನ್ನೂ ಕೊಡದೆ ಶಸ್ತ್ರಚಿಕಿತ್ಸೆ ಮುಗಿಸಿದರು. ಈ ವಾಕ್ಯ ಬರೆಯಲು ಎರಡು ಕ್ಷಣ ಸಾಕು. ಹೃದಯ ತೆರೆದ ಮೇಜಿನ ಪಕ್ಕದಲ್ಲಿ ರಕ್ತದ ಚೀಲವಿಲ್ಲದೆ ನಿಂತವರನ್ನು ನೆನೆಸಿಕೊಳ್ಳಿ.

ಆಕೆಯ ಮತ್ತು ಮನೆಯವರ ಮಾದರಿಗಳು ಬ್ರಿಸ್ಟಲ್‌ಗೆ ಹೋದವು. ಹತ್ತು ತಿಂಗಳ ಕೆಲಸದ ಕೊನೆಗೆ ಉತ್ತರ ಬಂತು. ಇದುವರೆಗೆ ಯಾರಿಗೂ ಗೊತ್ತಿಲ್ಲದ ಗುರುತು. ಅದು ಇರುವುದು ಕ್ರೋಮರ್ ವ್ಯವಸ್ಥೆಯಲ್ಲಿ. ಕ್ರೋಮರ್ ಗುರುತುಗಳನ್ನು ಹೊತ್ತಿರುವ ಪ್ರೋಟೀನು ಸಿಡಿ55. ನಮ್ಮ ರಕ್ತದಲ್ಲಿ ರೋಗಾಣುಗಳನ್ನು ಒಡೆಯುವ ಕಾಂಪ್ಲಿಮೆಂಟ್ ಎಂಬ ಸೈನ್ಯವಿದೆ. ಅದು ನಮ್ಮದೇ ಕೋಶಗಳ ಮೇಲೆ ಎರಗದಂತೆ ತಡೆಯುವ ಕಾವಲುಗಾರ ಈ ಸಿಡಿ55. ಮಲೇರಿಯಾದ ಫಾಲ್ಸಿಪಾರಂ ಪರಾವಲಂಬಿ ಕೆಂಪು ಕಣದೊಳಗೆ ನುಗ್ಗಲು ಇದೇ ಕಾವಲುಗಾರನನ್ನು ಬಳಸಿಕೊಳ್ಳುತ್ತದೆ ಎಂಬುದು 2015ರಲ್ಲಿ ತಿಳಿಯಿತು. ಈ ಪ್ರೋಟೀನೇ ಪೂರ್ತಿ ಇಲ್ಲದ ಕೆಲವರು ಜಗತ್ತಿನಲ್ಲಿದ್ದಾರೆ. ಮೊದಲನೆಯವರೆಂದು 1982ರಲ್ಲಿ ವರದಿಯಾದವರು ಜಪಾನಿನ ತರುಣ. ಎಲ್ಲರಿಗೂ ಅಂಟುವ ಪ್ರತಿಕಾಯವೊಂದು ಅಂಥವರ ಕಣಗಳಿಗೆ ಮಾತ್ರ ಅಂಟದಿದ್ದರೆ, ಅದು ಕ್ರೋಮರ್ ಕುಟುಂಬದ್ದು ಎಂದು ತೀರ್ಮಾನಿಸಬಹುದು. ಎಲ್ಲೋ ಯಾರೋ ಇಲ್ಲದವರು ಇನ್ನೆಲ್ಲೋ ಇರುವ ಇಲ್ಲದವರಿಗೆ ಸಾಕ್ಷಿ ನುಡಿಯುವುದು ಹೀಗೆ.

ಸಿಡಿ55 ಕೋಶದ ಮೇಲೆ ನಿಂತಿರುವುದು ಯಾವುದರ ಆಧಾರದಿಂದ ಗೊತ್ತೇ? ಜಿಪಿಐ ಲಂಗರಿನಿಂದ. ಗುಜರಾತಿನ ಆ ಹೃದ್ರೋಗಿಯಲ್ಲಿ ಒಂದು ತುಣುಕು ಕಡಿಮೆಯಿದ್ದ ಅದೇ ಬಗೆಯ ಲಂಗರು. ಇಬ್ಬರೂ ಹೃದ್ರೋಗಿಗಳು ಎಂಬುದು ಕಾಕತಾಳೀಯ. ಲಂಗರು ಒಂದೇ ಎಂಬುದನ್ನು ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ. ಈ ಲಂಗರಿನ ಸುತ್ತ ಇನ್ನೂ ಎಷ್ಟೋ ಗುರುತುಗಳು ಹೆಸರಿಲ್ಲದೆ ಕಾದಿವೆ.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ರಕ್ತಪೂರಣ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕೋಲಾರದ ಗುರುತನ್ನು ಅಲ್ಲಿ ಪ್ರಕಟಿಸಿದರು. ಹೆಸರು ‘ಕ್ರಿಬ್’. ಕ್ರೋಮರ್‌ನ ಸಿಆರ್, ಇಂಡಿಯಾದ ಐ, ಬೆಂಗಳೂರಿನ ಬಿ. ಕೋಲಾರದ ಹೆಸರು ಎಲ್ಲೂ ಬರಲಿಲ್ಲ ಎಂದು ಕೋಲಾರದವರು ಬೇಸರಿಸಿದರೆ ನಾನು ಅವರ ಪರ. ಅದೇ ಸಮ್ಮೇಳನದಲ್ಲಿ ಫ್ರಾನ್ಸಿನವರು ಗ್ವಾಡಲೂಪ್ ದ್ವೀಪದ ಮಹಿಳೆಯೊಬ್ಬರ ರಕ್ತದಿಂದ ಕಂಡುಕೊಂಡ 48ನೆಯ ವ್ಯವಸ್ಥೆಯನ್ನು ಘೋಷಿಸಿದರು. ಆಕೆಯ ಮಾದರಿ ತೆಗೆದದ್ದು 2011ರಲ್ಲಿ. ಆಕೆಯಲ್ಲಿ ಇಲ್ಲದ್ದು ಪಿಐಜಿಝಡ್ ಎಂಬ ಕಿಣ್ವ. ಅದರ ಕೆಲಸ ಜಿಪಿಐ ಲಂಗರಿಗೆ ನಾಲ್ಕನೆಯ ಸಕ್ಕರೆ ಸೇರಿಸುವುದು. ಮತ್ತೆ ಅದೇ ಲಂಗರು.

ವಿಜ್ಞಾನಕ್ಕೆ ಇದರಿಂದ ಲಾಭವಾಯಿತು. ಆ ಮಹಿಳೆಗೆ? ನಾಳೆ ಅಪಘಾತವಾದರೆ, ಮತ್ತೊಂದು ಶಸ್ತ್ರಚಿಕಿತ್ಸೆ ಬಂದರೆ, ಆಕೆಗೆ ರಕ್ತ ಕೊಡುವವರು ಯಾರು? ಬಾಂಬೆ ಗುಂಪಿನವರ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಇದ್ದಾರೆ ಎಂಬ ಅಂದಾಜಿದೆ. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಅಂಥ ದಾನಿಗಳ ಪಟ್ಟಿ ಇಟ್ಟುಕೊಂಡು ದೇಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ರಕ್ತ ತಲುಪಿಸುವ ಕೆಲಸ ಮಾಡುತ್ತ ಬಂದಿದೆ. ಕ್ರಿಬ್ ಇಲ್ಲದವರ ಪಟ್ಟಿಯಲ್ಲಿ ಈಗಿರುವುದು ಒಂದು ಹೆಸರು. ಅಂಥವರಿಗೆ ಉಳಿದಿರುವ ದಾರಿ ತಮ್ಮದೇ ರಕ್ತವನ್ನು ತಾವೇ ಮುಂಚಿತವಾಗಿ ಕೊಟ್ಟಿಡುವುದು. ಫ್ರಿಜ್ಜಿನಲ್ಲಿಟ್ಟ ರಕ್ತ ಹೆಚ್ಚೆಂದರೆ 42 ದಿನ ಬಾಳುತ್ತದೆ. ಗ್ಲಿಸರಾಲ್ ಬೆರೆಸಿ ಸೊನ್ನೆಗಿಂತ 65 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿಟ್ಟರೆ ಹತ್ತು ವರ್ಷ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಅಂಥ ಫ್ರೀಜರು ಅಪರೂಪ, ಅದನ್ನು ಕರಗಿಸಿ ತೊಳೆಯುವ ವ್ಯವಸ್ಥೆ ಇನ್ನೂ ಅಪರೂಪ. ಹೊಸ ಗುರುತಿಗೆ ಹೆಸರಿಡುವ ಮಟ್ಟಕ್ಕೆ ನಾವು ಬಂದಿದ್ದೇವೆ, ಹೆಸರಿಟ್ಟವರಿಗೆ ರಕ್ತ ಒದಗಿಸುವ ಮಟ್ಟಕ್ಕೆ ಬಂದಿಲ್ಲ.

ಈ ನಡುವೆ ಒಂದು ವಿನಿಮಯ ನಡೆದುಹೋಗಿದೆ. ಕೋಲಾರದ ಆಕೆಯ ರಕ್ತದ ದ್ರವದಲ್ಲಿದ್ದ ಪ್ರತಿಕಾಯಕ್ಕೆ ಈಗ ‘ಆಂಟಿ-ಕ್ರಿಬ್’ ಎಂದು ಹೆಸರು. ಜಗತ್ತಿನ ಯಾವುದೋ ಊರಿನಲ್ಲಿ ಎಲ್ಲ ರಕ್ತಕ್ಕೂ ಬೊಗಳುವ ಇನ್ನೊಂದು ಮಾದರಿ ಸಿಕ್ಕಾಗ, ಆ ರೋಗಿಯಲ್ಲಿ ಇಲ್ಲದ್ದು ಇದೇ ಗುರುತೋ ಎಂದು ನೋಡಲು ಬೇಕಾಗುವುದು ಈ ಪ್ರತಿಕಾಯ. ಆ ಪ್ರತಿಕಾಯ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು, ಅದು ಅಂಟಬಾರದ ಕಣಗಳು ಬೇಕು. ಸಿಡಿ55 ಪೂರ್ತಿ ಇಲ್ಲದ ಆ ಕೆಲವರನ್ನು ಬಿಟ್ಟರೆ, ಸದ್ಯಕ್ಕೆ ಅಂಥ ಕಣಗಳು ಇರುವುದು ಆಕೆಯಲ್ಲಿ ಮಾತ್ರ.